ನಾಲ್ಕು ವರ್ಷಕ್ಕೂ ಒಂದೇ ಫೀಸಾ, ವರ್ಷವರ್ಷದ ಫೀಸಾ? ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಕಳಿಸುವವರಿಗೆ

ಹೋದ ವರ್ಷ ಏಪ್ರಿಲ್‌ನಲ್ಲಿ ಗಂಗಾವತಿಯಿಂದ ಅಕ್ಕ ಫೋನ್ ಮಾಡಿದಳು. ಮಗಳಿಗೆ ಅಮೆರಿಕದ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಮೇ 1ರ ಒಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು. ಒಂದರಲ್ಲಿ ವರ್ಷಕ್ಕೆ 32,000 ಡಾಲರ್, ನಾಲ್ಕು ವರ್ಷವೂ ಅಷ್ಟೇ, ಏರಿಸುವುದಿಲ್ಲ ಅಂತ ಬರೆದುಕೊಟ್ಟಿದ್ದರು. ಇನ್ನೊಂದರಲ್ಲಿ ಮೊದಲ ವರ್ಷ 29,500 ಡಾಲರ್, ಮುಂದಿನದನ್ನು ಆಯಾ ವರ್ಷ ತಿಳಿಸುತ್ತಾರೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎರಡನ್ನೂ ಇಲ್ಲಿ ದುಂಡು ಮಾಡಿದ್ದೇನೆ.

ಮನೆಯಲ್ಲಿ ಎಲ್ಲರೂ ಮೊದಲನೆಯದರ ಕಡೆಗೇ ಇದ್ದರು. ಭಾವನದು ಭತ್ತದ ದಲಾಲಿ ಅಂಗಡಿ, ಬೆಲೆ ಏರಿಳಿತ ನೋಡಿ ನೋಡಿ ಬೇಸತ್ತವರು. "ಫಿಕ್ಸ್ ಇದ್ರ ರಾತ್ರಿ ನಿದ್ದಿ ಬರ್ತದಪ್ಪ" ಅಂದರು. ನಾನು ಬಳ್ಳಾರಿಯಲ್ಲಿ ಅಂಗಡಿ, ಕಾರ್ಖಾನೆಗಳ ಲೆಕ್ಕ ಬರೆಯುವವನು. ಎರಡು ದಿನ ಟೈಮ್ ಕೊಡಿ ಭಾವ ಅಂದೆ. ಆ ಎರಡು ದಿನ ಎರಡು ವಾರ ಆಯಿತು. ಆಮೇಲೆ ಸಿಂಧನೂರು, ಹೊಸಪೇಟೆ, ರಾಯಚೂರಿನಿಂದಲೂ ಪರಿಚಯದವರು ಇದೇ ಪ್ರಶ್ನೆ ಕೇಳಲು ಶುರು ಮಾಡಿದರು. ಅದಕ್ಕೇ ಇದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ಟ್ಯೂಷನ್ ಅಂದರೆ ಸಂಜೆ ಮನೆಪಾಠ. ಅಲ್ಲಿ ಟ್ಯೂಷನ್ ಅಂದರೆ ಕಾಲೇಜಿನ ಪಾಠದ ಫೀಸು, ಅಷ್ಟೇ. ಹಾಸ್ಟೆಲ್, ಊಟ, ಆರೋಗ್ಯ ವಿಮೆ, ಪುಸ್ತಕ, ಲ್ಯಾಬ್, ಇನ್ನೂ ಹತ್ತಾರು ಸಣ್ಣ ಫೀಸುಗಳು ಅದರಲ್ಲಿ ಸೇರಿರುವುದಿಲ್ಲ. ಅಲ್ಲಿನವರು ಟ್ಯೂಷನ್ ಏರುವುದಿಲ್ಲ ಅಂದಾಗ ನಾವು ಖರ್ಚೇ ಏರುವುದಿಲ್ಲ ಅಂತ ಕೇಳಿಸಿಕೊಳ್ಳುತ್ತೇವೆ. ಮೋಸ ಹೋಗುವುದು ಇಲ್ಲಿಂದಲೇ ಶುರು.

ಒಂದೇ ಹೆಸರು, ಬೇರೆ ಬೇರೆ ಸರಕು

ಫಿಕ್ಸೆಡ್ ಅಂತ ಕರೆಯುವುದರಲ್ಲೇ ಮೂರ್ನಾಲ್ಕು ಬಗೆ ಇವೆ.

ಮೊದಲನೆಯದು, ಆ ವರ್ಷ ಸೇರಿದ ಇಡೀ ಬ್ಯಾಚಿಗೆ ಒಂದು ರೇಟು ಕಟ್ಟಿ, ಅವರು ಮುಗಿಸುವವರೆಗೆ ಅದನ್ನೇ ಇಡುವುದು. ಮುಂದಿನ ವರ್ಷ ಬರುವವರಿಗೆ ಹೊಸ ರೇಟು. ಇಲಿನಾಯ್ ರಾಜ್ಯ 2003ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿ, 2004ರಲ್ಲಿ ಸೇರಿದವರಿಂದ ಜಾರಿಗೆ ತಂದಿತು. ಒಹಾಯೊ ವಿಶ್ವವಿದ್ಯಾಲಯ 2015ರಿಂದ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ಅಲ್ಲಿ ಪಾಠದ ಫೀಸಿನ ಜೊತೆ ಹಾಸ್ಟೆಲ್, ಊಟ, ಬಹುತೇಕ ಇತರ ಫೀಸುಗಳೂ ಸತತ 12 ಸೆಮಿಸ್ಟರ್ ಏರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2021ರಲ್ಲಿ ತೀರ್ಮಾನ ಮಾಡಿ 2022ರಲ್ಲಿ ಸೇರಿದವರಿಂದ ಶುರು ಮಾಡಿತು. ಅಲ್ಲಿ ಪದವಿ ವಿದ್ಯಾರ್ಥಿಗೆ ಆರು ವರ್ಷದವರೆಗೂ ಅದೇ ಫೀಸು. ಆ ರಾಜ್ಯದವರಲ್ಲದ ಹೊರಗಿನವರಿಂದ ಹೆಚ್ಚುವರಿಯಾಗಿ ತೆಗೆದುಕೊಳ್ಳುವ ಮೊತ್ತವೂ ಇದರಲ್ಲಿ ಸೇರಿದೆ, ನಮ್ಮಂಥವರಿಗೆ ಮುಖ್ಯವಾದದ್ದೇ ಅದು. ಬಿಲ್ಲಿನ ದೊಡ್ಡ ಪಾಲು ಆ ಹೆಚ್ಚುವರಿ ಮೊತ್ತದ್ದೇ ಇರುತ್ತದೆ.

ಎರಡನೆಯದು, ಎರಡರಲ್ಲಿ ಒಂದನ್ನು ನೀವೇ ಆರಿಸಿಕೊಳ್ಳುವುದು. ಟೆಕ್ಸಸ್‌ನಲ್ಲಿ 2013ರಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಪದವಿಗೆ ಸೇರುವವರಿಗೆ ಏರದ ಫೀಸಿನ ಆಯ್ಕೆಯನ್ನು ಕೊಡಲೇಬೇಕು. ಟೆಕ್ಸಸ್ ಎ ಆ್ಯಂಡ್ ಎಂ ನಲ್ಲಿ ಎರಡೂ ಇವೆ, ಏರದ ರೇಟು ಶುರುವಿನಲ್ಲಿ ಸ್ವಲ್ಪ ಜಾಸ್ತಿ. ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಹೋಗುವ ಡಲ್ಲಾಸ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಈ ಕಾನೂನಿಗಿಂತ ಮುಂಚೆ, 2007ರಲ್ಲೇ ಏರದ ಫೀಸಿನ ಯೋಜನೆ ತಂದಿತ್ತು. ಹ್ಯೂಸ್ಟನ್ ವಿಶ್ವವಿದ್ಯಾಲಯದ್ದು 2014ರದ್ದು, ಅದಕ್ಕೆ ಷರತ್ತು ಇದೆ. ವರ್ಷಕ್ಕೆ 30 ಕ್ರೆಡಿಟ್ (ಪ್ರತಿ ವಿಷಯದ ಪಾಠಕ್ಕೆ ಇಷ್ಟು ಅಂತ ಕೊಡುವ ಅಂಕ) ಮುಗಿಸುತ್ತಾ ನಾಲ್ಕೇ ವರ್ಷದಲ್ಲಿ ಪದವಿ ಮುಗಿಸುವ ದಾರಿಯಲ್ಲಿರಬೇಕು.

ಮೂರನೆಯದು, ಯಾರಿಗೂ ಮಾತು ಕೊಡದೆ ಸುಮ್ನೆ ಏರಿಸದೇ ಇರುವುದು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ 2012-13ರ ಫೀಸನ್ನೇ ಹತ್ತು ವರ್ಷಕ್ಕೂ ಮೀರಿ ಇಟ್ಟುಕೊಂಡು ಬಂದಿದೆ. 2024-25ರಲ್ಲಿ ರಾಜ್ಯದ ಮಕ್ಕಳಿಗೆ ವರ್ಷಕ್ಕೆ 9,992 ಡಾಲರ್, ಹೊರಗಿನವರಿಗೆ 28,794 ಇತ್ತು. ವಿದೇಶಿ ವಿದ್ಯಾರ್ಥಿಗಳು ಇದರ ಮೇಲೆ ಇನ್ನೊಂದು ಫೀಸು ಕಟ್ಟುತ್ತಾರೆ. ಹೀಗೆ ಏರಿಸದೇ ಇದ್ದದ್ದಕ್ಕೆ ನನಗೆ ನಿಜವಾಗಲೂ ಗೌರವ ಇದೆ. ಆದರೆ ಇದು ನಿಮ್ಮ ಮಗನಿಗೆ ಬರೆದುಕೊಟ್ಟ ಒಪ್ಪಂದ ಅಲ್ಲ. ಆಡಳಿತ ಮಂಡಳಿ ಮತ್ತೆ ಮತ್ತೆ ಮುಂದುವರಿಸುತ್ತಾ ಬಂದ ತೀರ್ಮಾನ.

ಇನ್ನೊಂದು ಬಗೆ ಇದೆ. ಮಗು ಚಿಕ್ಕದಿರುವಾಗಲೇ ದುಡ್ಡು ಕಟ್ಟಿ ಮುಂದಿನ ಫೀಸನ್ನು ಇಂದಿನ ರೇಟಿಗೆ ಕೊಂಡಿಡುವ ಯೋಜನೆ. ಮಿಶಿಗನ್, ಫ್ಲಾರಿಡಾ ರಾಜ್ಯಗಳು 1980ರ ದಶಕದಲ್ಲೇ ಇದನ್ನು ತಂದವು. ಅದು ಅಲ್ಲಿ ನೆಲೆಸಿರುವವರಿಗೆ. ಅಣ್ಣನೋ ತಂಗಿಯೋ ಅಲ್ಲೇ ಇದ್ದು ಅವರ ಮಕ್ಕಳಿಗಾಗಿ ಕೇಳುತ್ತಿದ್ದರೆ ಸರಿ, ಇಲ್ಲಿಂದ ಹೋಗುವವರು ಇದನ್ನು ಮರೆತುಬಿಡಿ.

ಏರದ ಫೀಸು ಅಗ್ಗವಾ?

ಮುಂದಿನ ನಾಲ್ಕು ವರ್ಷದ ಏರಿಕೆಯನ್ನು ಊಹಿಸಿ ಮೊದಲೇ ಸೇರಿಸಿ ರೇಟು ಕಟ್ಟಿರುತ್ತಾರೆ. ಕಟ್ಟಲೇಬೇಕು, ಇಲ್ಲದಿದ್ದರೆ ಅವರ ಸಂಬಳ, ಕರೆಂಟು ಹೊರಡುವುದು ಹೇಗೆ? ಇಲಿನಾಯ್ ಕಾನೂನಿನ ಮೇಲೆ ಅಧ್ಯಯನ ಮಾಡಿದವರು, ಆ ಕಾನೂನು ಇಲ್ಲದಿದ್ದರೆ ಆಗುತ್ತಿದ್ದದ್ದಕ್ಕಿಂತ ನಾಲ್ಕು ವರ್ಷದ ಒಟ್ಟು ಫೀಸು ಸುಮಾರು ಶೇ 6ರಿಂದ 7 ಜಾಸ್ತಿ ಆಯಿತು ಅಂತ ಲೆಕ್ಕ ಹಾಕಿದ್ದಾರೆ. ಅಂದರೆ ನೆಮ್ಮದಿಗೆ ಒಂದು ಬೆಲೆ ಇದೆ. ಆ ಬೆಲೆ ಎಷ್ಟು, ಅದು ನಮಗೆ ಪೂರೈಸುತ್ತದಾ ಅಂತ ನೋಡಬೇಕು.

ಅಕ್ಕನ ಮಗಳ ಲೆಕ್ಕವನ್ನೇ ಹಿಡಿಯೋಣ. ಏರದ ಫೀಸು 32,000. ನಾಲ್ಕು ವರ್ಷಕ್ಕೆ 1,28,000 ಡಾಲರ್. ಇನ್ನೊಂದು ಕಡೆ 29,500ರಿಂದ ಶುರುವಾಗಿ ವರ್ಷಕ್ಕೆ ಶೇ 3 ಏರಿದರೆ ಒಟ್ಟು ಸುಮಾರು 1,23,400. ಶೇ 4 ಏರಿದರೆ 1,25,300. ಶೇ 5 ಏರಿದರೂ 1,27,100. ಶೇ 6ಕ್ಕೆ ಹೋದರೆ ಮಾತ್ರ 1,29,000 ಆಗಿ ಏರದ ಫೀಸು ಗೆಲ್ಲುತ್ತದೆ. ಎರಡೂ ಸರಿಸಮ ಆಗುವುದು ಶೇ 5.5ರ ಹತ್ತಿರ.

ಪೇಪರು ಪೆನ್ನು ಇಲ್ಲದೆ ಬಾಯಲ್ಲೇ ಹಾಕುವ ಲೆಕ್ಕವೂ ಇದೆ. ಮೊದಲ ವರ್ಷ ಎರಡರ ನಡುವೆ ಶೇಕಡಾ ಎಷ್ಟು ವ್ಯತ್ಯಾಸ ಅಂತ ನೋಡಿ, ಅದನ್ನು ಒಂದೂವರೆಯಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಜಾಸ್ತಿ ಪ್ರತಿವರ್ಷ ಏರುವ ಹಾಗಿದ್ದರೆ ಏರದ ಫೀಸು ಒಳ್ಳೆಯದು, ಕಡಿಮೆ ಏರಿದರೆ ವರ್ಷವರ್ಷದ ಫೀಸು ಒಳ್ಳೆಯದು. ಒಂದೂವರೆ ಯಾಕೆ ಅಂದರೆ ಮೊದಲ ವರ್ಷ ಏರಿಕೆ ಇಲ್ಲ, ಎರಡನೆಯದಕ್ಕೆ ಒಂದು ಸಲ, ಮೂರನೆಯದಕ್ಕೆ ಎರಡು ಸಲ, ನಾಲ್ಕನೆಯದಕ್ಕೆ ಮೂರು ಸಲ. ಕೂಡಿದರೆ ಆರು, ನಾಲ್ಕು ವರ್ಷಕ್ಕೆ ಹಂಚಿದರೆ ಒಂದೂವರೆ. ನಮ್ಮದರಲ್ಲಿ ವ್ಯತ್ಯಾಸ ಶೇ 8.5, ಒಂದೂವರೆಯಿಂದ ಭಾಗಿಸಿದರೆ ಸುಮಾರು ಶೇ 5.7. ದೊಡ್ಡ ಲೆಕ್ಕಕ್ಕೆ ಹತ್ತಿರವೇ ಬಂತು ನೋಡಿ.

ಮುಂದೆ ಎಷ್ಟು ಏರುತ್ತದೆ ಅಂತ ಹೇಗೆ ಗೊತ್ತಾಗಬೇಕು? ಹಿಂದೆ ಎಷ್ಟು ಏರಿದೆ ಅನ್ನುವುದಂತೂ ಗೊತ್ತಾಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳು ಹಳೆಯ ವರ್ಷಗಳ ಫೀಸಿನ ಪಟ್ಟಿಯನ್ನು ಅಡಗಿಸಿಡುವುದಿಲ್ಲ. ಐದಾರು ವರ್ಷದ ಪಟ್ಟಿ ಇಳಿಸಿಕೊಂಡು, ನಿಮ್ಮ ಮಗು ಸೇರುವ ವಿಭಾಗದ, ಹೊರದೇಶದವರ ಸಾಲನ್ನೇ ನೋಡಿ. ರಾಜ್ಯದ ಮಕ್ಕಳ ಸಾಲು ನೋಡಿ ಸಮಾಧಾನ ಪಡಬೇಡಿ. ರಾಜ್ಯದವರ ಫೀಸು ಏರಿಸಿದರೆ ಅಲ್ಲಿನ ಶಾಸಕರು ಕೇಳುತ್ತಾರೆ, ನಮ್ಮ ಪರವಾಗಿ ಅಲ್ಲಿ ಯಾರೂ ಕೇಳುವುದಿಲ್ಲ. ಎರಡು ಸಾಲೂ ಒಂದೇ ವೇಗದಲ್ಲಿ ಏರಬೇಕು ಅಂತ ಏನೂ ಇಲ್ಲ.

ಎಂಎಸ್‌ಗೆ ಹೋಗುವವರು ಇಲ್ಲಿ ಸ್ವಲ್ಪ ನಿಲ್ಲಿ. ಬಳ್ಳಾರಿ, ರಾಯಚೂರು ಕಡೆಯಿಂದ ಅಮೆರಿಕಕ್ಕೆ ಹೋಗುವವರಲ್ಲಿ ಜಾಸ್ತಿ ಜನ ಇಲ್ಲೇ ಬಿಇ ಮುಗಿಸಿ ಎರಡು ವರ್ಷದ ಎಂಎಸ್‌ಗೆ ಹೋಗುವವರು. ಮೇಲೆ ಹೇಳಿದ ಯೋಜನೆಗಳಲ್ಲಿ ಹೆಚ್ಚಿನವು ಪದವಿ ವಿದ್ಯಾರ್ಥಿಗಳಿಗೆ. ಕ್ಯಾಲಿಫೋರ್ನಿಯಾದ್ದೂ ಹಾಗೇ, ಟೆಕ್ಸಸ್ ಕಾನೂನೂ ಹಾಗೇ. ಎಂಎಸ್‌ಗೂ ಏರದ ಫೀಸು ಕೊಡುವ ಕಡೆ ಸೀಟು ಸಿಕ್ಕರೂ ಅದಕ್ಕಾಗಿ ಜಾಸ್ತಿ ದುಡ್ಡು ಕೊಡುವ ಮುಂಚೆ ಯೋಚಿಸಿ. ಎರಡು ವರ್ಷದಲ್ಲಿ ಫೀಸು ಏರುವುದು ಒಂದೇ ಸಲ. ಅಂದರೆ ಮೊದಲ ವರ್ಷ ಶೇ 4 ಜಾಸ್ತಿ ಕೊಟ್ಟರೆ, ಎರಡನೇ ವರ್ಷದ ಏರಿಕೆ ಶೇ 8 ದಾಟಿದರೆ ಮಾತ್ರ ನಿಮಗೆ ಲಾಭ. ಎಂಎಸ್‌ನವರು ಕ್ರೆಡಿಟ್‌ಗೆ ಎಷ್ಟು, ಒಟ್ಟು ಎಷ್ಟು ಕ್ರೆಡಿಟ್ ಅಂತ ನೋಡಿಕೊಂಡರೆ ಸಾಕು, ಈ ತಲೆನೋವು ಬೇಕಾಗಿಲ್ಲ.

ಚೀಲ ಅಷ್ಟೇ, ರೇಟು ಬೇರೆ

ಭಾವನಿಗೆ ಇದನ್ನು ವಿವರಿಸಲು ನನಗೆ ಬಹಳ ಹೊತ್ತು ಹಿಡಿಯಲಿಲ್ಲ. ನಮ್ಮ ಕಾಲುವೆ ಕೆಳಗಿನ ಹೊಲ ಗುತ್ತಿಗೆಗೆ ಕೊಡುವಾಗ ಎಕರೆಗೆ ಇಷ್ಟು ಚೀಲ ಅಂತ ಮಾತಾಡುತ್ತಾರಲ್ವಾ. ಚೀಲದ ಲೆಕ್ಕ ಬದಲಾಗುವುದಿಲ್ಲ. ಆದರೆ ಚೀಲದ ರೇಟು ಸುಗ್ಗಿಯಲ್ಲಿ ಒಂದು, ಬೇಸಿಗೆಯಲ್ಲಿ ಇನ್ನೊಂದು. ಅಮೆರಿಕದವರು ಫಿಕ್ಸ್ ಮಾಡಿರುವುದು ಚೀಲವನ್ನು, ಅಂದರೆ ಡಾಲರನ್ನು. ರೂಪಾಯಿಯನ್ನು ಯಾರೂ ಫಿಕ್ಸ್ ಮಾಡಿಲ್ಲ.

ಪರ್ಡ್ಯೂ ಉದಾಹರಣೆಯನ್ನೇ ನೋಡಿ. 28,794 ಡಾಲರ್ ಅಂತ ಹತ್ತು ವರ್ಷ ಕದಲದೆ ನಿಂತ ಫೀಸು ಅದು. 2014ರ ನಡುವೆ ಡಾಲರಿಗೆ ಹತ್ತಿರ ಹತ್ತಿರ 60 ರೂಪಾಯಿ ಇತ್ತು, ಅಂದರೆ ಸುಮಾರು 17.3 ಲಕ್ಷ. 2024ರ ಕೊನೆಗೆ ಡಾಲರು 85 ಆಯಿತು, ಅದೇ ಫೀಸು ಸುಮಾರು 24.5 ಲಕ್ಷ. ಅಲ್ಲಿ ಒಂದು ಸೆಂಟ್ ಏರಿಸಲಿಲ್ಲ, ಇಲ್ಲಿ ವರ್ಷಕ್ಕೆ ಏಳು ಲಕ್ಷ ಏರಿತು. ಆ ಹತ್ತು ವರ್ಷದಲ್ಲಿ ರೂಪಾಯಿ ಕುಸಿದದ್ದು ಸರಾಸರಿ ವರ್ಷಕ್ಕೆ ಶೇ 3.5 ಆಯಿತು.

ಅದೇ ವೇಗ ಇಟ್ಟುಕೊಂಡು ಅಕ್ಕನ ಮಗಳ ಏರದ ಫೀಸಿಗೆ ಹಾಕಿದೆ. 85 ರೂಪಾಯಿ ಲೆಕ್ಕದಲ್ಲಿ ಮೊದಲ ವರ್ಷ 27.2 ಲಕ್ಷ, ನಾಲ್ಕನೇ ವರ್ಷ 30 ಲಕ್ಷ ದಾಟುತ್ತದೆ. ಒಟ್ಟು 1 ಕೋಟಿ 14 ಲಕ್ಷ ಮೀರುತ್ತದೆ. ಇನ್ನೊಂದು ಕಡೆ ಫೀಸು ಶೇ 4 ಏರಿ, ರೂಪಾಯಿಯೂ ಹೀಗೇ ಕುಸಿದರೆ 1 ಕೋಟಿ 12 ಲಕ್ಷ ಚಿಲ್ಲರೆ. ಎರಡೂ ಏರುತ್ತವೆ. ರೂಪಾಯಿ ಇದಕ್ಕಿಂತ ಜೋರಾಗಿ ಬಿದ್ದರೆ ಎರಡೂ ಇನ್ನಷ್ಟು ಏರುತ್ತವೆ. ಹಾಗಾಗಿ ಫಿಕ್ಸೆಡ್ ತಗೊಂಡೆವು, ಇನ್ನು ನಾಲ್ಕು ವರ್ಷ ನಿಶ್ಚಿಂತೆ ಅಂತ ಸಾಲದ ಮೊತ್ತವನ್ನು ಇವತ್ತಿನ ರೇಟಿಗೆ ಸರಿಯಾಗಿ ಕತ್ತರಿಸಿ ಬ್ಯಾಂಕಿಗೆ ಹೋಗಬೇಡಿ. ಶೇ 10 ಆದರೂ ಜಾಸ್ತಿ ಮಂಜೂರು ಮಾಡಿಸಿಕೊಳ್ಳಿ. ಕಂತುಕಂತಾಗಿ ತೆಗೆಯುವ ಸಾಲದಲ್ಲಿ ತೆಗೆಯದ ದುಡ್ಡಿಗೆ ಬಡ್ಡಿ ಬೀಳುವುದಿಲ್ಲ. ಮೂರನೇ ವರ್ಷ ದುಡ್ಡು ಸಾಲದೆ ಬಂದು ಹೊಸ ಸಾಲ ಕೇಳುವುದು ಬಹಳ ಕಷ್ಟ.

ಇನ್ನೊಂದು ಸೂಕ್ಷ್ಮ ಇದೆ. ಏರದ ಫೀಸಿನಲ್ಲಿ ಜಾಸ್ತಿ ದುಡ್ಡನ್ನು ಮೊದಲೇ ಕೊಡುತ್ತೀರಿ. ಮೊದಲ ವರ್ಷದ 2,500 ಡಾಲರ್ ಅಂದರೆ ಎರಡು ಲಕ್ಷಕ್ಕೂ ಮೇಲೆ. ಸ್ವಂತ ದುಡ್ಡಾದರೆ, ಡಾಲರು ಅಗ್ಗ ಇದ್ದಾಗಲೇ ಕೊಟ್ಟೆವು ಅನ್ನಬಹುದು. ಶೇ 10ರ ಆಸುಪಾಸಿನ ಬಡ್ಡಿಯ ಸಾಲದ ದುಡ್ಡಾದರೆ ಆ ಮಾತು ನಿಲ್ಲುವುದಿಲ್ಲ, ಯಾಕೆಂದರೆ ಬಡ್ಡಿ ಓಡುವ ವೇಗ ರೂಪಾಯಿ ಬೀಳುವ ವೇಗಕ್ಕಿಂತ ಜಾಸ್ತಿ. ಸಾಲ ಮಾಡಿ ಓದಿಸುವವರಿಗೆ ತಡವಾಗಿ ಕೊಡುವ ದುಡ್ಡೇ ಹಗುರ.

ಎಂಟು ಸೆಮಿಸ್ಟರಿನಲ್ಲಿ ಮುಗಿಯುತ್ತಾ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಏರದ ಫೀಸಿನ ಮಾತಿಗೆ ಒಂದು ಗಡುವು ಇರುತ್ತದೆ. ಆ ಗಡುವಿನೊಳಗೆ ಪದವಿ ಮುಗಿದರೆ ಮಾತ್ರ ನೀವು ಮೊದಲೇ ಕೊಟ್ಟ ಜಾಸ್ತಿ ದುಡ್ಡಿಗೆ ಬೆಲೆ.

ಬಳ್ಳಾರಿಯಲ್ಲಿ ನನಗೆ ಪರಿಚಯದ ಒಂದು ಮನೆ, ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ ಅವರದು. ಮಗ ಚೆನ್ನಾಗಿಯೇ ಓದುವವನು. ಎರಡನೇ ವರ್ಷದಲ್ಲಿ ಮೆಕ್ಯಾನಿಕಲ್ ಬಿಟ್ಟು ಕಂಪ್ಯೂಟರ್ ಸೈನ್ಸ್‌ಗೆ ಬದಲಾದ. ಹಳೆಯ ಕೆಲವು ಕ್ರೆಡಿಟ್ ಹೊಸ ಕೋರ್ಸಿಗೆ ಹಿಡಿಯಲಿಲ್ಲ, ಒಂದು ಸೆಮಿಸ್ಟರ್ ಹಿಂದೆ ಬಿದ್ದ. ಒಂಬತ್ತನೇ ಸೆಮಿಸ್ಟರಿಗೆ ಏರದ ಫೀಸಿನ ಅವಧಿ ಮುಗಿದಿತ್ತು. ಅಲ್ಲಿಯವರೆಗೆ ನಾಲ್ಕು ವರ್ಷದಲ್ಲಿ ಏರಿದ್ದೆಲ್ಲ ಒಂದೇ ಸಲಕ್ಕೆ ತಲೆ ಮೇಲೆ ಬಂತು. ಆ ಒಂದು ಸೆಮಿಸ್ಟರಿಗೆ ವ್ಯತ್ಯಾಸವೇ ಎರಡು ಲಕ್ಷ ದಾಟಿತು. ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ, ಎಲ್ಲ ಕಾಗದದಲ್ಲೇ ಇತ್ತು. ಆ ಕಾಗದವನ್ನು ಸೇರುವ ಮುಂಚೆ ಕೂತು ಓದಿಸುವವರು ಇರಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಇಂಜಿನಿಯರಿಂಗ್‌ಗೆ ಎಷ್ಟೋ ಕಡೆ ಅದಕ್ಕೂ ಜಾಸ್ತಿ. ಎಂಟು ಸೆಮಿಸ್ಟರಿನಲ್ಲಿ ಮುಗಿಯಬೇಕಾದರೆ ಸೆಮಿಸ್ಟರಿಗೆ 15ಕ್ಕೆ ಕಡಿಮೆ ಆಗಬಾರದು. ವಿದ್ಯಾರ್ಥಿ ವೀಸಾ ನಿಯಮಕ್ಕೆ 12 ಇದ್ದರೆ ಸಾಕು. ಎಡವುವುದು ಇಲ್ಲೇ. ಹುಡುಗ 12 ತಗೊಂಡು ಎಲ್ಲ ಸರಿ ಇದೆ ಅಂದುಕೊಂಡಿರುತ್ತಾನೆ, ವೀಸಾ ಕೂಡ ಸರಿಯಾಗಿಯೇ ಇರುತ್ತದೆ. ಆದರೆ ಸೆಮಿಸ್ಟರಿಗೆ 12ರಂತೆ ಹೋದರೆ 120 ಮುಗಿಯಲು ಹತ್ತು ಸೆಮಿಸ್ಟರ್ ಬೇಕು.

ಗಡುವನ್ನು ಎಣಿಸುವ ರೀತಿಯೂ ಎಲ್ಲ ಕಡೆ ಒಂದೇ ಅಲ್ಲ. ಟೆಕ್ಸಸ್ ಕಾನೂನಿನಲ್ಲಿ 12 ಸತತ ಸೆಮಿಸ್ಟರ್ ಅಂತ ಇದೆ. ಅದು ಕೇಳಲು ಆರು ವರ್ಷದ ಹಾಗೆ ಅನಿಸುತ್ತದೆ, ಆದರೆ ಬೇಸಿಗೆಯದ್ದೂ ಒಂದು ಅಂತ ಎಣಿಸುವುದರಿಂದ ಅದು ನಾಲ್ಕೇ ವರ್ಷ. ಕಾಯಿಲೆಗೋ ಮನೆಯ ತೊಂದರೆಗೋ ಒಂದು ಸೆಮಿಸ್ಟರ್ ಬಿಟ್ಟು ಬಂದರೆ ಗಡಿಯಾರ ನಿಲ್ಲುತ್ತದಾ, ಓಡುತ್ತಲೇ ಇರುತ್ತದಾ ಅಂತ ಬರೆದು ಕೇಳಿ. ಕ್ಯಾಲಿಫೋರ್ನಿಯಾದ ಆರು ವರ್ಷ ನನಗೆ ಇಷ್ಟವಾದದ್ದು ಇದಕ್ಕೇ, ಎಡವಿದರೂ ಏಳಲು ಜಾಗ ಇದೆ.

ಇನ್ನು ಕೋರ್ಸು ಬದಲಾಯಿಸುವ ವಿಷಯ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್, ಬಿಸಿನೆಸ್ ಓದುವವರಿಗೆ ಬೇರೆ ರೇಟು. ಏರದ ಫೀಸು ಅಂದರೆ ನೀವು ಸೇರಿದ ಕೋರ್ಸಿನ ರೇಟು. ಕೋರ್ಸು ಬದಲಾದರೆ ಹೊಸ ಕೋರ್ಸಿನ ರೇಟು ಬರುತ್ತದೆ. ನಿಮ್ಮ ವರ್ಷ ಸೇರಿದವರ ರೇಟಾ, ಈಗ ಸೇರುವವರ ರೇಟಾ ಅನ್ನುವುದನ್ನೂ ಕೇಳಿಟ್ಟುಕೊಳ್ಳಬೇಕು.

ಮಾತು ಯಾರಿಗೆ, ಯಾವುದಕ್ಕೆ?

ಇಲಿನಾಯ್ ಕಾನೂನನ್ನು ಓದಿದರೆ ಅದು ಆ ರಾಜ್ಯದ ನಿವಾಸಿ ವಿದ್ಯಾರ್ಥಿಗಳ ಹೆಸರಿನಲ್ಲೇ ಇದೆ. ಹೊರಗಿನವರಿಗೂ ಅದೇ ಸೌಲಭ್ಯ ಕೊಡುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ ಇಷ್ಟ. ಹಾಗಾಗಿ "ಇಲಿನಾಯ್‌ನಲ್ಲಿ ಫೀಸು ಏರಲ್ಲ" ಅಂತ ಯಾರೋ ಹೇಳಿದ್ದನ್ನು ನಂಬಿ ಹೊರಡಬೇಡಿ.

ಜಾರ್ಜಿಯಾದ್ದು ಇನ್ನೊಂದು ಪಾಠ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು 2006ರಲ್ಲಿ ನಾಲ್ಕು ವರ್ಷ ಏರದ ಫೀಸು ಶುರು ಮಾಡಿದವು. ಆರ್ಥಿಕ ಕುಸಿತ ಬಂದು ರಾಜ್ಯದ ದುಡ್ಡು ಕಡಿಮೆಯಾದಾಗ, 2009ರಲ್ಲಿ ಸೇರಿದ ಹೊಸಬರಿಗೆ ಅದನ್ನು ನಿಲ್ಲಿಸಿದರು. ಅದೇ ವರ್ಷ ವಿಶೇಷ ಶುಲ್ಕ ಅಂತ ಬೇರೆಯೇ ಒಂದು ಫೀಸು ಬಂತು, ತಾತ್ಕಾಲಿಕ ಅಂತ ಬಂದದ್ದು ಹತ್ತು ವರ್ಷಕ್ಕೂ ಮೇಲೆ ಉಳಿಯಿತು. ಅದಕ್ಕೇ ಪತ್ರದಲ್ಲಿ ಟ್ಯೂಷನ್ ಅಂತ ಮಾತ್ರ ಇದೆಯಾ, ಕಡ್ಡಾಯ ಫೀಸುಗಳೂ ಸೇರಿವೆಯಾ ಅಂತ ಬೆರಳಿಟ್ಟು ಓದಿ ಅನ್ನುವುದು. ಬಾಗಿಲು ಮುಚ್ಚಿದ್ದರೆ ಕಿಟಕಿಯಿಂದ ಬರಬಹುದು.

ಸ್ಕಾಲರ್‌ಶಿಪ್ ಸಿಕ್ಕವರು ಇನ್ನೊಂದು ನೋಡಬೇಕು. ಟೆಕ್ಸಸ್‌ನಲ್ಲಿ ಸ್ಪರ್ಧೆಯಲ್ಲಿ ಗೆದ್ದ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಸಿಕ್ಕರೆ, ಹೊರಗಿನವರಿಗೂ ರಾಜ್ಯದವರ ಫೀಸು ಅನ್ವಯಿಸಲು ಕಾನೂನಿನಲ್ಲಿ ಅವಕಾಶ ಇದೆ. ಲಕ್ಷಗಟ್ಟಲೆ ಉಳಿಯುತ್ತದೆ, ಬಹಳ ಒಳ್ಳೆಯ ಅವಕಾಶ. ಆದರೆ ಅಂಕ ಕಡಿಮೆಯಾಗಿ ಸ್ಕಾಲರ್‌ಶಿಪ್ ಹೋದರೆ ಮತ್ತೆ ಹೊರಗಿನವರ ಫೀಸು. ಏರದ ಫೀಸಿನ ಯೋಜನೆ ಅದನ್ನು ತಡೆಯುವುದಿಲ್ಲ, ಅದು ಏರಿಕೆಯನ್ನಷ್ಟೇ ತಡೆಯುತ್ತದೆ. ಇಂಥ ಸೀಟು ಸಿಕ್ಕಿದ್ದರೆ ಯಾವ ಯೋಜನೆ ಅನ್ನುವುದಕ್ಕಿಂತ ಎಷ್ಟು ಜಿಪಿಎ (ಸರಾಸರಿ ಅಂಕ) ಉಳಿಸಿಕೊಳ್ಳಬೇಕು ಅನ್ನುವುದೇ ದೊಡ್ಡ ಮಾತು.

ನಮ್ಮ ದುಡ್ಡು ಬರುವ ತಿಂಗಳು ಬೇರೆ

ಇದನ್ನು ಹೊರಗಿನ ಯಾವ ಸಲಹೆಗಾರರೂ ನಿಮಗೆ ಹೇಳುವುದಿಲ್ಲ. ಅಲ್ಲಿ ಫೀಸು ಕಟ್ಟುವುದು ಆಗಸ್ಟ್‌ನಲ್ಲಿ ಮತ್ತು ಜನವರಿಯಲ್ಲಿ. ತುಂಗಭದ್ರಾ ಕಾಲುವೆ ಕೆಳಗೆ ಮುಂಗಾರು ಭತ್ತ ಮನೆಗೆ ಬಂದು ದುಡ್ಡು ಕೈಗೆ ಸಿಗುವುದು ಡಿಸೆಂಬರ್ ಹೊತ್ತಿಗೆ, ಎರಡನೇ ಬೆಳೆ ಇದ್ದರೆ ಮೇ ತಿಂಗಳಲ್ಲಿ. ಜನವರಿ ಕಂತು ಹೇಗೋ ಸಾಗುತ್ತದೆ. ಆಗಸ್ಟ್ ಅಂದರೆ ನಾಟಿಗೆ, ಗೊಬ್ಬರಕ್ಕೆ ದುಡ್ಡು ಸುರಿಯುವ ತಿಂಗಳು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದವರೆಲ್ಲ ಹೇಗೆ ಉಸಿರು ಹಿಡಿದು ಕೂತಿದ್ದೆವು ಅಂತ ನೆನಪಿದೆಯಲ್ವಾ. ನೀರು ನಂಬಿಕೊಂಡ ಮನೆಗೆ ಫೀಸು ಏರುವುದಕ್ಕಿಂತ, ಏರಿದ್ದು ತಡವಾಗಿ ಗೊತ್ತಾಗುವುದು ದೊಡ್ಡ ಪೆಟ್ಟು. ವರ್ಷವರ್ಷದ ಫೀಸಿನಲ್ಲಿ ಹೊಸ ರೇಟು ಎಷ್ಟೋ ಸಲ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲಿ ಎರಡನೇ ಬೆಳೆ ಮಾರಿ ದುಡ್ಡು ಖರ್ಚಾಗಿರಬಹುದು. ಏರದ ಫೀಸಿನ ನಿಜವಾದ ಲಾಭ ನನಗೆ ಕಂಡದ್ದು ಇದೊಂದೇ ಜಾಗದಲ್ಲಿ. ಡಿಸೆಂಬರ್‌ನಲ್ಲೇ ಮುಂದಿನ ಆಗಸ್ಟ್‌ಗೆ ಎಷ್ಟು ಡಾಲರ್ ಬೇಕು ಅಂತ ಗೊತ್ತಿರುತ್ತದೆ, ಅಷ್ಟನ್ನು ಎತ್ತಿಡಬಹುದು. ಸಂಬಳದವರಿಗೆ ಇದು ಅಷ್ಟು ದೊಡ್ಡದಲ್ಲ.

ದುಡ್ಡು ಕಳಿಸುವಾಗಿನ ತೆರಿಗೆ ಬಗ್ಗೆ ಚಿಕ್ಕದಾಗಿ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷದವರೆಗೆ ಕಳಿಸಿದರೆ ಬ್ಯಾಂಕು ಟಿಸಿಎಸ್ (ದುಡ್ಡು ಕಳಿಸುವಾಗಲೇ ಹಿಡಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ, ಮೊದಲು ಈ ಮಿತಿ 7 ಲಕ್ಷ ಇತ್ತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಟಿಸಿಎಸ್ ಇಲ್ಲವೇ ಇಲ್ಲ. ಹಿಡಿದ ದುಡ್ಡು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ಕಳೆದುಹೋಗುವುದಿಲ್ಲ. ಆದರೆ ಆಗಸ್ಟ್‌ನಲ್ಲಿ ಅದೂ ಕೈಯಿಂದ ಹೋಗುತ್ತದೆ ಅನ್ನುವುದು ನೆನಪಿರಲಿ.

ಇಲ್ಲೇ ಓದಿಸುವುದಾದರೆ ಅನ್ನುವವರಿಗೂ ಎರಡು ಮಾತು, ಯಾಕೆಂದರೆ ಎಷ್ಟೋ ಮನೆಯಲ್ಲಿ ಎರಡೂ ಯೋಚನೆ ಒಟ್ಟಿಗೇ ನಡೆಯುತ್ತಿರುತ್ತದೆ. ಬ್ಯಾಚಿಗೊಂದು ಫೀಸು ಅನ್ನುವುದು ನಮಗೂ ಹೊಸದಲ್ಲ. 2016ರಲ್ಲಿ ಐಐಟಿಗಳು ವರ್ಷದ ಫೀಸನ್ನು 90,000ದಿಂದ 2 ಲಕ್ಷಕ್ಕೆ ಏರಿಸಿದಾಗ ಅದು ಹೊಸದಾಗಿ ಸೇರಿದವರಿಗೆ ಮಾತ್ರ ಅನ್ವಯಿಸಿತು. ಅದೇ ವರ್ಷ ಎನ್ಐಟಿಗಳದ್ದು 1.25 ಲಕ್ಷ ಆಯಿತು. ಅಲ್ಲಿ ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಮಕ್ಕಳಿಗೆ ಪೂರ್ತಿ ಮಾಫಿ. ಮನೆಯ ಆದಾಯ 1 ಲಕ್ಷದ ಒಳಗಿದ್ದರೆ ಪೂರ್ತಿ ಮಾಫಿ, 5 ಲಕ್ಷದ ಒಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ರಾಯಚೂರಿನಲ್ಲೇ 2019ರಿಂದ ಐಐಐಟಿ ಇದೆ. ರಾಜ್ಯದ ಕಾಲೇಜುಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯ ಮೀಸಲು ಸೀಟುಗಳಿವೆ. ಅಮೆರಿಕದ ಒಂದು ವರ್ಷದ ಫೀಸಿನಲ್ಲಿ ಇಲ್ಲಿ ಇಡೀ ಪದವಿ ಮುಗಿದು ದುಡ್ಡು ಉಳಿಯುತ್ತದೆ. ಪದವಿ ಇಲ್ಲಿ, ಎಂಎಸ್ ಅಲ್ಲಿ ಅನ್ನುವ ಹಳೆಯ ದಾರಿಯನ್ನು ಕೈಬಿಡುವ ಮುಂಚೆ ಈ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ.

ಹಾಗಾದರೆ ಯಾರಿಗೆ ಯಾವುದು?

ಮಗು ಏನು ಓದಬೇಕು ಅಂತ ಗಟ್ಟಿಯಾಗಿ ಗೊತ್ತಿದೆ, ಸೆಮಿಸ್ಟರಿಗೆ 15 ಕ್ರೆಡಿಟ್ ಎಳೆಯುವ ತಾಕತ್ತಿದೆ, ಆ ವಿಶ್ವವಿದ್ಯಾಲಯದ ಹಳೆಯ ಏರಿಕೆ ಶೇ 5-6 ದಾಟಿದೆ, ಮನೆಯ ದುಡ್ಡು ಬೆಳೆ ಮೇಲೆ ನಿಂತಿದೆ ಅಂದರೆ ಏರದ ಫೀಸು ತಗೊಳ್ಳಿ. ಹಾಸ್ಟೆಲ್ ಊಟವೂ ಸೇರಿದ್ದರೆ ಇನ್ನೂ ಯೋಚಿಸಬೇಡಿ. ಕೋರ್ಸು ಬದಲಾಗುವ ಸಾಧ್ಯತೆ ಇದ್ದರೆ, ಎರಡನೇ ವರ್ಷಕ್ಕೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವ ಯೋಚನೆ ಇದ್ದರೆ, ಬೇಗ ಮೂರು ಅಥವಾ ಮೂರೂವರೆ ವರ್ಷಕ್ಕೆ ಮುಗಿಸುವವರಾದರೆ, ಪೂರ್ತಿ ಸಾಲದ ದುಡ್ಡಾದರೆ ವರ್ಷವರ್ಷದ ಫೀಸೇ ವಾಸಿ. ಮೊದಲ ವರ್ಷದ ವ್ಯತ್ಯಾಸ ಶೇ 3ರ ಒಳಗಿದ್ದರೆ ಮಾತ್ರ ಇಷ್ಟೆಲ್ಲ ಲೆಕ್ಕ ಬೇಡ, ಏರದ ಫೀಸನ್ನೇ ಹಿಡಿಯಿರಿ, ಏಕೆಂದರೆ ವರ್ಷಕ್ಕೆ ಶೇ 2 ಏರಿದರೂ ಅದು ಸರಿಹೋಗುತ್ತದೆ.

ಅಕ್ಕನ ಮಗಳು 29,500ರ ಕಡೆಗೆ ಹೋದಳು. ಆ ವಿಶ್ವವಿದ್ಯಾಲಯದ ಹಿಂದಿನ ಐದು ವರ್ಷದ ಏರಿಕೆ ಶೇ 3ರ ಸುತ್ತಮುತ್ತ ಇತ್ತು. ಎಲೆಕ್ಟ್ರಿಕಲ್ಲಾ ಕಂಪ್ಯೂಟರ್ರಾ ಅಂತ ಅವಳಿಗೂ ಇನ್ನೂ ಗೊತ್ತಿರಲಿಲ್ಲ. "ಮಾಮಾ, ಒಂದು ವೇಳೆ ಬದಲಾಯಿಸಿದ್ರೆ ಅಪ್ಪ ಬೈತಾರಾ" ಅಂತ ಕೇಳಿದಳು. ಆ ಪ್ರಶ್ನೆ ಕೇಳಿದ ಮೇಲೆ ನಾನು ಬೇರೆ ಲೆಕ್ಕ ಹಾಕಲೇ ಇಲ್ಲ. ಭಾವ ಈಗ ಪ್ರತಿ ಡಿಸೆಂಬರ್‌ನಲ್ಲಿ ಆಗಸ್ಟ್ ಕಂತಿನ ಜೊತೆ ಶೇ 8 ಜಾಸ್ತಿ ಸೇರಿಸಿ ಬೇರೆ ಎತ್ತಿಡುವುದು ಅಂತ ಮಾಡಿಕೊಂಡಿದ್ದಾರೆ, ಫೀಸಿನ ಏರಿಕೆಗೆ ನಾಲ್ಕು, ರೂಪಾಯಿಗೆ ನಾಲ್ಕು.

ಕೊನೆಗೆ, ಆಯ್ಕೆ ನಿಮ್ಮ ಕೈಯಲ್ಲಿರುವ ಕಡೆ ಅದಕ್ಕೊಂದು ದಿನಾಂಕ ಇರುತ್ತದೆ, ಸಾಮಾನ್ಯವಾಗಿ ಮೊದಲ ಸೆಮಿಸ್ಟರಿನ ಶುರುವಿನಲ್ಲೇ. ಆ ದಿನ ದಾಟಿದರೆ ಅವರೇ ಯಾವುದೋ ಒಂದು ಯೋಜನೆಗೆ ಹಾಕಿಬಿಡಬಹುದು, ಆಮೇಲೆ ಬದಲಾಯಿಸಲು ಬರುವುದಿಲ್ಲ. ಮಕ್ಕಳು ಆ ವಾರ ಹೊಸ ದೇಶದಲ್ಲಿ ಸಿಮ್, ರೂಮು, ಬ್ಯಾಂಕ್ ಖಾತೆ ಅಂತ ಓಡಾಡುತ್ತಿರುತ್ತಾರೆ. ಇಲ್ಲಿಂದ ಹೊರಡುವ ಮುಂಚೆಯೇ ವಿಶ್ವವಿದ್ಯಾಲಯದ ಫೀಸಿನ ಕಚೇರಿಗೆ ಇಮೇಲ್ ಹಾಕಿಸಿ. ವಿದೇಶಿ ವಿದ್ಯಾರ್ಥಿಗೆ ಅನ್ವಯವಾಗುತ್ತದಾ, ಎಷ್ಟು ಸೆಮಿಸ್ಟರ್, ಬೇಸಿಗೆ ಎಣಿಕೆಗೆ ಬರುತ್ತದಾ, ಮಧ್ಯೆ ಬಿಟ್ಟರೆ ಏನು, ಕೋರ್ಸು ಬದಲಾದರೆ ಏನು, ಯಾವ ಯಾವ ಫೀಸು ಸೇರಿದೆ, ಆಯ್ಕೆಗೆ ಕೊನೆಯ ದಿನ ಯಾವುದು. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಐ-20 (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪತ್ರ) ಇಟ್ಟಿರುವ ಫೈಲಿನಲ್ಲೇ ಇಡಿ, ಒಂದು ಪ್ರತಿ ಮನೆಯಲ್ಲೂ ಇರಲಿ.